ಡ್ರಮ್ಸ್‌ನವರು ಯಾಕೆ ಅಷ್ಟು ಗುಡುಗಿಸುತ್ತಾರೆ?

ಪ್ರಶ್ನೆ: ನನ್ನ ಮಗ ಒಂದು ಹಳೇ ಕಪ್ಪು-ಬಿಳುಪು ವಿಡಿಯೊ ಕಳಿಸಿದ. ಟಿವಿಗಾಗಿ ಚಿತ್ರಿಸಿದ ಕಛೇರಿ ಅಂತೆ. ಆರ್ಟ್ ಬ್ಲೇಕಿ ಮತ್ತು ಜಾಝ್ ಮೆಸೆಂಜರ್ಸ್, ಬೆಲ್ಜಿಯಂ, 1958. 'ಅಮ್ಮ, ಇದು ಹಾರ್ಡ್ ಬಾಪ್, ಕೇಳು' ಅಂದ. ಕೇಳಿದೆ. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿ ಬೆಳೆದವಳು, ತಾಳ ಹಾಕದೆ ಕೂರಲು ಆಗುವುದೇ ಇಲ್ಲ. ಇಲ್ಲಿ ಹಾಕಲು ಹೋದರೆ ಕೈ ತಪ್ಪುತ್ತದೆ. ಡ್ರಮ್ಸ್‌ನವರು ಬೇರೆಯವರು ನುಡಿಸುವಾಗಲೂ ಗುಡುಗಿಸುತ್ತಲೇ ಇರುತ್ತಾರೆ. ಪಕ್ಕವಾದ್ಯಕ್ಕೆ ಅಷ್ಟು ಸಲಿಗೆ ಇದೆಯಾ? ಇದೆಲ್ಲ ಮೊದಲೇ ಬರೆದುಕೊಂಡದ್ದಾ, ಅಲ್ಲೇ ಹುಟ್ಟಿಸಿದ್ದಾ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ:

ಸಲಿಗೆಯ ಮಾತೇ ಇಲ್ಲ, ಅಲ್ಲಿ ಡ್ರಮ್ಸ್‌ನವರೇ ಯಜಮಾನರು. ಆ ತಂಡಕ್ಕೆ ಹೆಸರು ಅವರದು, ಜನರನ್ನು ಆರಿಸಿಕೊಂಡವರು ಅವರು, ಯಾರು ಎಷ್ಟು ಹೊತ್ತು ನುಡಿಸಬೇಕು ಅನ್ನುವುದನ್ನು ಬಾಯಿ ಬಿಡದೆ ಕೋಲಿನಲ್ಲೇ ಹೇಳುವವರೂ ಅವರೇ. ಮೃದಂಗದವರು ಕಛೇರಿಯ ಮುಖ್ಯ ಕಲಾವಿದರಾಗಿ ನಡುವೆ ಕೂತು, ಹಾಡುವವರನ್ನು ಪಕ್ಕಕ್ಕೆ ಕೂರಿಸಿಕೊಂಡ ಹಾಗೆ ಅಂದುಕೊಳ್ಳಿ. ವಿಚಿತ್ರ ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಮೊದಲ ಸಲ ಕೇಳಿದಾಗ ಹತ್ತು ನಿಮಿಷಕ್ಕೇ ನಿಲ್ಲಿಸಿ, ಈ ಮನುಷ್ಯನಿಗೆ ಯಾರಾದರೂ ಸ್ವಲ್ಪ ಮೆಲ್ಲಗೆ ಅಂತ ಹೇಳಬಾರದಾ ಅಂದುಕೊಂಡಿದ್ದೆ.

ನಿಮ್ಮ ಮಗ ಕಳಿಸಿದ್ದು ಒಳ್ಳೆಯ ವಿಡಿಯೊ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ.

ಮೊದಲು ಜನರ ಪರಿಚಯ. ಸೂಟು ತೊಟ್ಟ ಐದು ಮಂದಿ. ಡ್ರಮ್ಸ್ ಹಿಂದೆ ಬಾಯಿ ತೆರೆದುಕೊಂಡು ನುಡಿಸುತ್ತಿರುವವರು ಆರ್ಟ್ ಬ್ಲೇಕಿ, ಆಗ ಅವರಿಗೆ 39. ಊರು ಪಿಟ್ಸ್‌ಬರ್ಗ್. ಟ್ರಂಪೆಟ್ ಹಿಡಿದ ಹುಡುಗ ಲೀ ಮಾರ್ಗನ್, ವಯಸ್ಸು ಬರೀ 20. ಟೆನರ್ ಸ್ಯಾಕ್ಸೊಫೋನ್ ಬೆನ್ನಿ ಗೋಲ್ಸನ್, 29. ಪಿಯಾನೊ ಬಾಬಿ ಟಿಮ್ಮನ್ಸ್, ಇನ್ನೂ 23 ತುಂಬಿಲ್ಲ. ದೊಡ್ಡ ಬಾಸ್ ಪಿಟೀಲನ್ನು ನಿಲ್ಲಿಸಿಕೊಂಡು ಬೆರಳಲ್ಲಿ ಮೀಟುವವರು ಜಿಮಿ ಮೆರಿಟ್, ಬಿ.ಬಿ. ಕಿಂಗ್ ಜೊತೆ ಬ್ಲೂಸ್ ನುಡಿಸಿ ಬಂದವರು. ಬ್ಲೇಕಿ ಒಬ್ಬರನ್ನು ಬಿಟ್ಟು ಉಳಿದ ನಾಲ್ವರೂ ಫಿಲಡೆಲ್ಫಿಯಾದವರು. ಅದು ಕಾಕತಾಳೀಯ ಅಲ್ಲ. ಗೋಲ್ಸನ್ ತಂಡಕ್ಕೆ ಸೇರಿದ ಮೇಲೆ ತಮ್ಮ ಊರಿನ ಹುಡುಗರನ್ನೇ ತಂದು ತುಂಬಿಸಿದರು. ನಮ್ಮಲ್ಲೂ ಹೀಗೇ ಅಲ್ವಾ, ಒಬ್ಬರು ಒಳಗೆ ಹೋದರೆ ಸಾಕು.

ಈಗ ಹಾರ್ಡ್ ಬಾಪ್ ಅಂದರೆ ಏನು ಅಂತ ಎರಡು ಮಾತು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಬೀಬಾಪ್ ಅನ್ನೋ ಜಾಝ್ ಬಂತು. ತುಂಬಾ ವೇಗ, ತುಂಬಾ ಸುತ್ತು, ವಿದ್ವಾಂಸರಿಗೆ ವಿದ್ವಾಂಸರು ನುಡಿಸಿದ ಹಾಗೆ. 50ರ ದಶಕದ ನಡುವಿನಲ್ಲಿ ಬ್ಲೇಕಿ, ಪಿಯಾನೊದ ಹಾರೆಸ್ ಸಿಲ್ವರ್ ಮೊದಲಾದವರು ಆ ವಿದ್ವತ್ತನ್ನು ಬಿಡದೆ ಅದಕ್ಕೆ ಎರಡು ಹಳೇ ರುಚಿ ಸೇರಿಸಿದರು. ಒಂದು ಬ್ಲೂಸ್, ಇನ್ನೊಂದು ಕಪ್ಪು ಜನರ ಚರ್ಚಿನ ಹಾಡು. ಟಿಮ್ಮನ್ಸ್ ಬೆಳೆದದ್ದೇ ಪಾದ್ರಿ ತಾತನ ಮನೆಯಲ್ಲಿ, ಚಿಕ್ಕವರಿದ್ದಾಗ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಇಷ್ಟು ಸಾಕು. ಶೈಲಿಗಳ ಹೆಸರಿನ ಮೇಲೆ ಜಾಝ್ ಮಂದಿ ಮಾಡುವ ಜಗಳಕ್ಕೆ ನೀವು ತಲೆ ಕೊಡಬೇಡಿ.

ನಿಮ್ಮ ಕೈ ಯಾಕೆ ತಪ್ಪುತ್ತೆ ಅನ್ನುವುದಕ್ಕೆ ಬರೋಣ, ಅದೇ ನಿಜವಾದ ಪ್ರಶ್ನೆ. ಆ ಕಛೇರಿಯಲ್ಲಿ 'ಮೋನಿನ್' ಅಂತ ಒಂದು ರಚನೆ ಇದೆ, ಟಿಮ್ಮನ್ಸ್ ಬರೆದದ್ದು. ಅದರಿಂದಲೇ ಶುರು ಮಾಡಿ. ಪಿಯಾನೊ ಒಂಟಿಯಾಗಿ ಒಂದು ಸಾಲು ಹೇಳುತ್ತದೆ. ಉಳಿದವರೆಲ್ಲ ಸೇರಿ ಎರಡೇ ಎರಡು ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಮತ್ತೆ ಪಿಯಾನೊ, ಮತ್ತೆ ಎರಡು ಪೆಟ್ಟು. ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿದರೆ ಕೂತ ಜನ 'ಆಮೆನ್' ಅನ್ನುತ್ತಾರಲ್ಲ, ಅದೇ ಇದು. ಆ ಎರಡು ಪೆಟ್ಟು ಅಕ್ಷರಶಃ 'ಆ-ಮೆನ್'. ನಮ್ಮ ಮದುವೆಮನೆಯಲ್ಲಿ ಹಿರಿಯರೊಬ್ಬರು ಪದದ ಸಾಲು ಎತ್ತಿದರೆ ಉಳಿದ ಹೆಂಗಸರು 'ಸೋಬಾನೆ' ಅಂತ ಸೇರಿಸುತ್ತಾರಲ್ಲ, ಆ ಜಾಗದಲ್ಲಿ ಈ ಎರಡು ಪೆಟ್ಟನ್ನು ಇಟ್ಟು ನೋಡಿ, ಒಂದೇ ಸಲಕ್ಕೆ ಹಿಡಿಸುತ್ತೆ. ಎರಡನೇ ಸುತ್ತಿನಲ್ಲಿ ಅದಲು ಬದಲು. ಟ್ರಂಪೆಟ್ಟು ಸ್ಯಾಕ್ಸೊಫೋನು ಸಾಲು ಹೇಳುತ್ತವೆ, ಪಿಯಾನೊ ಆಮೆನ್ ಅನ್ನುತ್ತದೆ.

ಪಿಯಾನೊ ಒಂಟಿಯಾಗಿ ಹೇಳುವಾಗ ಕೆಳಗೆ ಆಸರೆಗೆ ಏನೂ ಇರುವುದಿಲ್ಲ. ನಿಮ್ಮ ಲೆಕ್ಕ ನೀವೇ ಇಟ್ಟುಕೊಳ್ಳಬೇಕು. ಕೈ ತಪ್ಪಲು ಅದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ನೀವು ಸಮದ ಮೇಲೆ ತಟ್ಟುತ್ತಿದ್ದೀರಿ. ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸುವಾಗ ನಮಗೆ 'ಒಂದು' ದೇವರು. ಅಲ್ಲಿ ಒತ್ತು ಬೀಳುವುದು ಎರಡರ ಮೇಲೆ ಮತ್ತು ನಾಲ್ಕರ ಮೇಲೆ. ಬ್ಲೇಕಿಯ ಎಡಗಾಲಿನ ಕೆಳಗೆ ಒಂದರ ಮೇಲೊಂದು ಇಟ್ಟ ಜೋಡಿ ಸಿಂಬಲ್, ಅಂದರೆ ಲೋಹದ ತಟ್ಟೆ, ಇದೆ, ಹೈ-ಹ್ಯಾಟ್ ಅನ್ನುತ್ತಾರೆ. ಅದು 'ಚಿಕ್' ಅಂತ ಮುಚ್ಚಿಕೊಳ್ಳುವುದು ಸರಿಯಾಗಿ ಎರಡಕ್ಕೆ ಮತ್ತು ನಾಲ್ಕಕ್ಕೆ. ಕೈ ಏನೇ ಗಲಾಟೆ ಮಾಡುತ್ತಿರಲಿ, ಆ ಕಾಲು ಬಿಡುವುದಿಲ್ಲ. ನಿಮ್ಮ ಚಪ್ಪಾಳೆಯನ್ನು ಅದಕ್ಕೆ ಜೋಡಿಸಿ. ಮೊದಮೊದಲು ಎಡಗೈಯಲ್ಲಿ ಊಟ ಮಾಡಿದ ಹಾಗಿರುತ್ತೆ. ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ.

ಇನ್ನು ಆವರ್ತನ. ಇಲ್ಲೂ ಇದೆ, ಆದರೆ ಬಹಳ ಉದ್ದ. ನಾಲ್ಕು ಎಣಿಕೆಗೆ ಒಂದು ಬಾರ್. ಎಂಟು ಬಾರ್‌ಗೆ ಒಂದು ಖಂಡ. ಅಂಥ ನಾಲ್ಕು ಖಂಡ ಸೇರಿದರೆ 32 ಬಾರ್, ಅದಕ್ಕೆ ಕೋರಸ್ ಅನ್ನುತ್ತಾರೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಖಂಡ ಅಂದರೆ ಆದಿತಾಳದ ನಾಲ್ಕು ಆವರ್ತನ, ಇಡೀ ಕೋರಸ್ ಹದಿನಾರು ಆವರ್ತನ. ಮೊದಲ ಎರಡು ಖಂಡ ಒಂದೇ ಧಾಟಿ, ಮೂರನೆಯದು ಬೇರೆ, ನಾಲ್ಕನೆಯದು ವಾಪಸ್ ಮೊದಲಿನದೇ. ಪಲ್ಲವಿ, ಪಲ್ಲವಿ, ಚರಣ, ಪಲ್ಲವಿ ಅಂದುಕೊಳ್ಳಿ, ಪೂರ್ತಿ ಸರಿ ಅಲ್ಲ, ಆದರೆ ದಾರಿ ತಪ್ಪಿಸುವುದಿಲ್ಲ.

ಈ ಮೂರನೇ ಖಂಡದ ಹಿಂದೆ ಒಂದು ಕಥೆ ಇದೆ. ಟಿಮ್ಮನ್ಸ್ ಎರಡು ರಚನೆಗಳ ನಡುವೆ ಸುಮ್ನೆ ಕೈಗೆ ಬಂದ ಹಾಗೆ ಆ ಆಮೆನ್ ಸಾಲನ್ನು ನುಡಿಸುತ್ತಾ ಇರುತ್ತಿದ್ದರಂತೆ. ಗೋಲ್ಸನ್ ಅದನ್ನು ಕೇಳಿ ಕೇಳಿ, ಇದಕ್ಕೆ ಇನ್ನೊಂದು ಎಂಟು ಬಾರ್ ಸೇರಿಸು, ಪೂರ್ತಿ ರಚನೆ ಆಗುತ್ತೆ ಅಂತ ಹಿಂದೆ ಬಿದ್ದರು. ಅದೇನು ಮಹಾ, ಬರೀ ಒಂದು ತುಣುಕು ಅನ್ನುವ ಉಡಾಫೆ ಟಿಮ್ಮನ್ಸ್‌ದು. ಕೊನೆಗೆ ಬರೆದರು. ಗೋಲ್ಸನ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡ ಕಥೆ ಇದು. ಆ ತುಣುಕೇ ಹಾರ್ಡ್ ಬಾಪ್‌ನ ಅತಿ ಹೆಸರುವಾಸಿ ರಚನೆ ಆಯಿತು.

ಮತ್ತೆ ದಿನಾಂಕ ನೋಡಿ. 'ಮೋನಿನ್' ಅನ್ನು ಬ್ಲೂ ನೋಟ್ ಕಂಪನಿಗೆ ಧ್ವನಿಮುದ್ರಿಸಿದ್ದು 1958ರ ಅಕ್ಟೋಬರ್ 30. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅನ್ನುವವರ ತಂದೆ-ತಾಯಿಯ ಮನೆಯ ಹಜಾರವೇ ಸ್ಟುಡಿಯೊ. ನವೆಂಬರ್ 22ಕ್ಕೆ ತಂಡ ಪ್ಯಾರಿಸ್ಸಿನ ಒಲಿಂಪಿಯಾದಲ್ಲಿ ಇತ್ತು. ಬೆಲ್ಜಿಯಂ ಕಛೇರಿ ಅದೇ ತಿಂಗಳ ಕೊನೆಗೆ. ಎಲ್‌ಪಿ ಅಂಗಡಿಗೆ ಬಂದದ್ದು ಅದಾದ ಮೇಲೆ, 1959ರ ಶುರುವಿನಲ್ಲಿ. ಅಂದರೆ ನೀವು ನೋಡುತ್ತಿರುವ ಆ ಬೆಲ್ಜಿಯಂ ಜನ ಈ ರಚನೆಯ ತಟ್ಟೆ ಕೇಳಿ ಬಂದವರಲ್ಲ. ಇವತ್ತು ಪಿಯಾನೊದ ಮೊದಲ ನಾಲ್ಕು ಸ್ವರಕ್ಕೇ ಚಪ್ಪಾಳೆ ಬೀಳುವ ಆ ಸಾಲು ಅವತ್ತು ಅವರಿಗೆ ಹೊಸ ಸರಕು. ತಂಡಕ್ಕೂ ಅದು ಇನ್ನೂ ಬಿಸಿಬಿಸಿ.

ಈಗ ಗುಡುಗಿನ ವಿಷಯ.

ಸಾಲು ಮುಗಿದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು ನುಡಿಸುತ್ತಾರೆ. ಇದು ಅಲ್ಲೇ ಹುಟ್ಟಿದ್ದು. ಬರೆದುಕೊಂಡದ್ದು ಶುರುವಿನ ಸಾಲು, ಕೊನೆಯ ಸಾಲು, ನಡುವೆ ಅಲ್ಲಲ್ಲಿ ಗೋಲ್ಸನ್ ಹೆಣೆದ ಜೋಡಿ ತುಣುಕುಗಳು, ಅಷ್ಟೇ. ನಮ್ಮ ಕಲ್ಪನಾಸ್ವರಕ್ಕೆ ಹೋಲಿಸಬಹುದು, ಒಂದು ದೊಡ್ಡ ವ್ಯತ್ಯಾಸದೊಂದಿಗೆ. ನಮ್ಮಲ್ಲಿ ರಾಗ ಒಂದೇ ಇರುತ್ತೆ, ಅದರೊಳಗೆ ಓಡಾಡುತ್ತೀರಿ. ಅಲ್ಲಿ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳ, ಒಂದು ಸಾಲು ಇರುತ್ತೆ, ಎರಡೆರಡು ಎಣಿಕೆಗೆ, ನಾಲ್ಕು ನಾಲ್ಕು ಎಣಿಕೆಗೆ ನೆಲವೇ ಬದಲಾಗುತ್ತಾ ಹೋಗುತ್ತೆ. ಓಡುವ ರೈಲಿನಲ್ಲಿ ಡಬ್ಬಿಯಿಂದ ಡಬ್ಬಿಗೆ ದಾಟುತ್ತಾ ಮಾತಾಡಿದ ಹಾಗೆ. ಆ ಕಾರ್ಡ್‌ಗಳು ಎಲ್ಲರ ತಲೆಯಲ್ಲೂ ಇರುತ್ತವೆ, ಹಾಗಾಗಿ ಯಾರು ಎಲ್ಲಿದ್ದಾರೆ ಅಂತ ಐವರಿಗೂ ಗೊತ್ತು.

ಅಲ್ಲಿ ಬ್ಲೇಕಿ ಮಾಡುವ ಕೆಲಸ ಏನೆಂದರೆ, ನುಡಿಸುವವರನ್ನು ತಳ್ಳುವುದು. ಒಂದು ಕೋರಸ್ ಮುಗಿಯುತ್ತಾ ಬಂದಾಗ ಸಣ್ಣ ಡ್ರಮ್ಮಿನ ಮೇಲೆ ಎರಡೂ ಕೋಲನ್ನು ಒತ್ತಿ ಒಂದು ಉರುಳಿಕೆ ಎತ್ತುತ್ತಾರೆ. ಸಣ್ಣದಾಗಿ ಶುರುವಾಗಿ, ಊದುತ್ತಾ, ಊದುತ್ತಾ, ಹೊಸ ಕೋರಸ್ಸಿನ ಮೊದಲ ಎಣಿಕೆಗೆ ಸಿಂಬಲ್ ಮೇಲೆ ಒಡೆಯುತ್ತದೆ. ಪ್ರೆಸ್ ರೋಲ್ ಅಂತ ಅದರ ಹೆಸರು. ಬ್ಲೇಕಿಯ ಗುರುತು ಅದು, ಕಣ್ಣು ಮುಚ್ಚಿ ಕೇಳಿದರೂ ಇವರೇ ಅಂತ ಹೇಳಬಹುದು. ನಿಮ್ಮ ಕಡೆ ಯಕ್ಷಗಾನ ನೋಡಿರುತ್ತೀರಿ. ಬಣ್ಣದ ವೇಷ ತೆರೆಯ ಹಿಂದೆ ಇದ್ದಾಗ ಚೆಂಡೆ ಏರುತ್ತಾ ಹೋಗುತ್ತಲ್ಲ, ವೇಷ ಕಾಣುವ ಮೊದಲೇ ಮೈ ಜುಮ್ಮೆನ್ನುತ್ತಲ್ಲ, ಆ ಕೆಲಸ. ವೇಷದ ಬದಲು ಇಲ್ಲಿ ಮುಂದಿನ ಕೋರಸ್ ಪ್ರವೇಶ ಮಾಡುತ್ತೆ.

ಗೋಲ್ಸನ್ ಇದಕ್ಕೆ ಸಿಕ್ಕಿ ಒದ್ದಾಡಿದ್ದನ್ನು ಅವರೇ ನಗುತ್ತಾ ಹೇಳುತ್ತಿದ್ದರು. ಅವರದು ಮೃದು ನುಡಿಕೆ, ಮೆತ್ತಗಿನ ದನಿ. ಬ್ಲೇಕಿ ಜೊತೆ ಶುರು ಮಾಡಿದ ಹೊಸದರಲ್ಲಿ ತಾನು ನುಡಿಸುವುದು ತನಗೇ ಕೇಳದ ಹಾಗೆ ಹಿಂದಿನಿಂದ ಗುಡುಗು ಬರುತ್ತಿತ್ತಂತೆ. ಒಂದು ರಾತ್ರಿ ಬ್ಲೇಕಿ ಉದ್ದಕ್ಕೆ ಒಂದು ಉರುಳಿಕೆ ಎತ್ತಿ, ಸಿಂಬಲ್ ಒಡೆದು, ಆ ಗುಂಡಿಯಿಂದ ಮೇಲೆ ಬಾ ಅಂತ ಕೂಗಿಯೇ ಬಿಟ್ಟರು. ಗೋಲ್ಸನ್ ಯೋಚಿಸಿ ನೋಡಿದರೆ ಹೌದು, ತಾನು ಗುಂಡಿಯಲ್ಲೇ ಇದ್ದೇನೆ ಅನ್ನಿಸಿತು. ಅಲ್ಲಿಂದ ನುಡಿಕೆಯೇ ಬದಲಾಯಿತು. ನಿಮಗೆ ಗದ್ದಲ ಅನ್ನಿಸುತ್ತಿರುವುದು ಈ ಕೂಗು. ಅದು ನಿಮಗಲ್ಲ, ಮುಂದೆ ನಿಂತು ಊದುತ್ತಿರುವವನಿಗೆ.

ಹಾಗಾಗಿ ವಿಡಿಯೊ ಎರಡನೇ ಸಲ ನೋಡುವಾಗ ಒಂದು ಕೆಲಸ ಮಾಡಿ. ಕ್ಯಾಮೆರಾ ಯಾರನ್ನು ಬೇಕಾದರೂ ತೋರಿಸಲಿ, ಕಿವಿ ಡ್ರಮ್ಸ್ ಮೇಲೆ ಇಡಿ. ಮಾರ್ಗನ್ ಒಂದು ಚುರುಕು ಮಾತು ಆಡಿದ ಕೂಡಲೇ ಕೆಳಗಿನಿಂದ ಒಂದು ಪೆಟ್ಟು 'ಹೌದು' ಅನ್ನುತ್ತೆ. ಅವನು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇನ್ನೆರಡು ಪೆಟ್ಟು. ಟ್ರಂಪೆಟ್ ಮುಗಿದು ಸ್ಯಾಕ್ಸೊಫೋನ್ ಬಂದ ಕೂಡಲೇ ಸಿಂಬಲ್ಲಿನ ಬಣ್ಣ ಬೇರೆ ಆಗುತ್ತೆ. ಪಿಯಾನೊಗೆ ಬಂದಾಗ ಇನ್ನಷ್ಟು ಬೇರೆ, ಯಾಕೆಂದರೆ ಪಿಯಾನೊದ ದನಿ ಸಣ್ಣದು, ಅದನ್ನು ಮುಚ್ಚಿಬಿಟ್ಟರೆ ತಳ್ಳಿ ಏನು ಪ್ರಯೋಜನ? ಗುಡುಗುವವರು ಅಂತ ಹೆಸರಾದರೂ ಎಲ್ಲಿ ತಗ್ಗಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಟಿಮ್ಮನ್ಸ್ ಇದೇ 'ಮೋನಿನ್'ನಲ್ಲಿ ಎಷ್ಟು ದೂರ ಹೋಗುತ್ತಿದ್ದರು ಅಂದರೆ, ಅದೇ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಕ್ಲಬ್ ಸೇಂಟ್ ಜರ್ಮೇನ್‌ನಲ್ಲಿ ಮುದ್ರಿಸಿದ ಕಛೇರಿಯಲ್ಲಿ ಅವರ ಸರದಿಯ ನಡುವೆ ಹೆಂಗಸೊಬ್ಬರು ದೇವರೇ ಕರುಣೆ ತೋರು ಅಂತ ಕೂಗುವುದು ಕೇಳುತ್ತೆ. ಕೂಗಿದವರು ಹೇಜಲ್ ಸ್ಕಾಟ್, ಸ್ವತಃ ದೊಡ್ಡ ಪಿಯಾನೊ ಕಲಾವಿದೆ. ನಮ್ಮ ಸಭೆಯಲ್ಲಿ 'ಭಲೇ' ಅಂದ ಹಾಗೆ.

ನೀವು ಮೃದಂಗ ಬಲ್ಲವರಾದರೆ ಇನ್ನೊಂದು ಹುಡುಕಿ. ಬ್ಲೇಕಿ ಕೆಲವೊಮ್ಮೆ ಡ್ರಮ್ಮಿನ ತೊಗಲನ್ನು ಮೊಣಕೈಯಿಂದ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಾರಿಸುತ್ತಾರೆ. ಒತ್ತು ಜಾಸ್ತಿಯಾದಂತೆ ದನಿ ಮೇಲೇರುತ್ತೆ. ನಿಮ್ಮ ಎಡದ ಕಡೆಯ ಗುಮಕಿಯ ದೂರದ ನೆಂಟ. 1940ರ ದಶಕದ ಕೊನೆಗೆ ಬ್ಲೇಕಿ ಆಫ್ರಿಕಾಕ್ಕೆ ಹೋಗಿ ಬಂದವರು. ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಇಬ್ನ್ ಬುಹೈನಾ ಅಂತ ಹೆಸರಿಟ್ಟುಕೊಂಡರು, ಜೊತೆಯವರ ಬಾಯಲ್ಲಿ 'ಬು'. ನಾನು ಹೋದದ್ದು ಧರ್ಮ ತಿಳಿಯಲು, ವಾದ್ಯ ಕಲಿಯಲು ಅಲ್ಲ ಅಂತ ಆಮೇಲೆ ಹೇಳಿದರು. ಇರಬಹುದು. ಮೊಣಕೈ ಮಾತ್ರ ಬೇರೆ ಸಾಕ್ಷಿ ಹೇಳುತ್ತೆ ಅನ್ನುವುದು ನನ್ನ ಅನಿಸಿಕೆ.

ಗುಡುಗು ನಿಲ್ಲುವ ಒಂದು ಜಾಗವೂ ಆ ಕಛೇರಿಯಲ್ಲಿ ಇದೆ. 'ಐ ರಿಮೆಂಬರ್ ಕ್ಲಿಫರ್ಡ್'. ನೀವು ಅದನ್ನು ಓಡಿಸಿ ಮುಂದೆ ಹೋಗಿದ್ದರೆ ವಾಪಸ್ ಬನ್ನಿ.

ಕ್ಲಿಫರ್ಡ್ ಬ್ರೌನ್ ಅನ್ನುವ ಟ್ರಂಪೆಟ್ ಕಲಾವಿದ 1954ರಲ್ಲಿ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಇದೇ ಬ್ಲೇಕಿ ಜೊತೆ ನುಡಿಸಿದ್ದರು. ಆ ಮುದ್ರಣದಲ್ಲಿ ಬ್ಲೇಕಿ ಮೈಕಿನ ಮುಂದೆ ಬಂದು, ನಾನು ಎಳೆಯರ ಜೊತೆಗೇ ಇರುತ್ತೇನೆ, ಇವರಿಗೆ ವಯಸ್ಸಾದರೆ ಇನ್ನೂ ಎಳೆಯರನ್ನು ತರುತ್ತೇನೆ ಅನ್ನುವ ಅರ್ಥದ ಮಾತು ಹೇಳುತ್ತಾರೆ. ಮುಂದೆ ಮೂವತ್ತಾರು ವರ್ಷ, 1990ರಲ್ಲಿ ಸಾಯುವ ತನಕ ಅದನ್ನೇ ಮಾಡಿದರು. ಬ್ರೌನ್‌ಗೆ ಮಾತ್ರ ವಯಸ್ಸಾಗಲೇ ಇಲ್ಲ. 1956ರ ಜೂನ್ 26ರ ರಾತ್ರಿ ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ, ಮಳೆಯಲ್ಲಿ, ಕಾರು ಅಪಘಾತ. ವಯಸ್ಸು 25. ಜೊತೆಗಿದ್ದ ಪಿಯಾನೊದ ರಿಚಿ ಪೊವೆಲ್ ಮತ್ತು ಅವರ ಹೆಂಡತಿಯೂ ಹೋದರು. ಗೋಲ್ಸನ್ ಆಗ ಡಿಝಿ ಗಿಲೆಸ್ಪಿಯ ದೊಡ್ಡ ತಂಡದಲ್ಲಿದ್ದರು. ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಇದ್ದಾಗ ಸುದ್ದಿ ಬಂತು. ಆ ದುಃಖದಿಂದ ಹುಟ್ಟಿದ ರಚನೆ ಇದು, 1957ರಲ್ಲಿ ಮೊದಲ ಮುದ್ರಣಗಳು ಬಂದವು.

ಬೆಲ್ಜಿಯಂನಲ್ಲಿ ಇದು ಮಾರ್ಗನ್ ಪಾಲಿನದು. ಫಿಲಡೆಲ್ಫಿಯಾದಲ್ಲಿ ಹುಡುಗನಾಗಿದ್ದಾಗ ಬ್ರೌನ್ ಹತ್ತಿರವೇ ಕೆಲವು ಪಾಠ ಹೇಳಿಸಿಕೊಂಡವನು. ರಚಿಸಿದವರು ಅಲ್ಲೇ ವೇದಿಕೆಯ ಮೇಲೆ ಇದ್ದಾರೆ, ಹಿಂದೆ ಕೂತವರು ಬ್ರೌನ್ ಜೊತೆ ನುಡಿಸಿದವರು, ಮುಂದೆ ನಿಂತವನು ಬ್ರೌನ್‌ನ ಶಿಷ್ಯ. ಇಪ್ಪತ್ತು ವರ್ಷದವನಿಗೆ ಅಷ್ಟು ನಿಧಾನ ಎಲ್ಲಿಂದ ಬಂತೋ. ಸ್ವರವನ್ನು ನೇರ ಹಿಡಿಯುವುದಿಲ್ಲ, ಕೆಳಗಿನಿಂದ ಜಾರಿ ಬಂದು ಮುಟ್ಟುತ್ತಾನೆ, ಅರ್ಧ ಒತ್ತಿದ ಕೀಲಿಯಿಂದ ಸ್ವಲ್ಪ ಒಡಕು ದನಿ ತರುತ್ತಾನೆ. ಗಮಕ ಕೇಳಿ ಬೆಳೆದ ಕಿವಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ ಕಥೆಯೂ ಚೆನ್ನಾಗಿ ಮುಗಿಯಲಿಲ್ಲ. 1972ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸ್ಲಗ್ಸ್ ಅನ್ನುವ ಕ್ಲಬ್ಬಿನಲ್ಲಿ, ಕಛೇರಿಯ ರಾತ್ರಿಯೇ, ಜೊತೆಗೆ ಬಾಳಿದ ಹೆಂಗಸೇ ಗುಂಡು ಹಾರಿಸಿದಳು. ಹೊರಗೆ ಹಿಮ ಬಿದ್ದು ಆಂಬುಲೆನ್ಸ್ ತಡವಾಯಿತು. 33 ವರ್ಷ. ಟಿಮ್ಮನ್ಸ್ ಎರಡು ವರ್ಷ ಬಿಟ್ಟು, 38ಕ್ಕೆ, ಕುಡಿತದಿಂದ ಹೋದರು. ಈ ಮೃದು ದನಿಯ ಗೋಲ್ಸನ್ ಮಾತ್ರ 95 ದಾಟಿ 2024ರ ತನಕ ಇದ್ದರು. ಟಾಮ್ ಹ್ಯಾಂಕ್ಸ್ ವಿಮಾನ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಸಿಕ್ಕಿಬೀಳುವ ಸಿನಿಮಾ ನೋಡಿದ್ದೀರಾ, 2004ರದ್ದು? ಅಪ್ಪನ ಆಸೆ ತೀರಿಸಲು ಕೊನೆಗೆ ಒಬ್ಬ ಜಾಝ್ ಕಲಾವಿದರ ಸಹಿ ಹಾಕಿಸಿಕೊಳ್ಳಲು ಹೋಗುತ್ತಾನಲ್ಲ, ಆ ಕಲಾವಿದರೇ ಈ ಬೆನ್ನಿ ಗೋಲ್ಸನ್, ಪಾತ್ರ ಮಾಡಿದ್ದೂ ಅವರೇ.

ಈ ಐವರು ಹೀಗೆ ಒಟ್ಟಿಗೆ ಇದ್ದದ್ದು ಕೆಲವೇ ತಿಂಗಳು. 1959ರಲ್ಲಿ ಗೋಲ್ಸನ್ ಹೊರಬಂದು ಟ್ರಂಪೆಟ್‌ನ ಆರ್ಟ್ ಫಾರ್ಮರ್ ಜೊತೆ ಜಾಝ್‌ಟೆಟ್ ಅನ್ನುವ ತಂಡ ಕಟ್ಟಿದರು. ಸ್ಯಾಕ್ಸೊಫೋನ್ ಜಾಗಕ್ಕೆ ಮೊದಲು ಹ್ಯಾಂಕ್ ಮೋಬ್ಲಿ, ಆಮೇಲೆ ವೇಯ್ನ್ ಶಾರ್ಟರ್ ಬಂದರು. ಬೆಲ್ಜಿಯಂನಲ್ಲಿ ಕ್ಯಾಮೆರಾ ಇಟ್ಟವರ ಪುಣ್ಯ, ಸರಿಯಾದ ಹೊತ್ತಿಗೆ ಇಟ್ಟರು.

ಕೊನೆಗೆ ಬರುವ 'ಎ ನೈಟ್ ಇನ್ ಟುನೀಶಿಯಾ' ಗಿಲೆಸ್ಪಿಯ ರಚನೆ. ನಿಮಗೆ ತಾಳದ ಹುಚ್ಚು ಇರುವುದರಿಂದ ಅದನ್ನೇ ಜಾಸ್ತಿ ಮೆಚ್ಚುತ್ತೀರಿ ಅನ್ನಿಸುತ್ತೆ. ಆದರೆ ಅದರ ಡ್ರಮ್ಸ್ ನುಡಿಕೆಯಲ್ಲಿ ತನಿ ಆವರ್ತನದ ಹಾಗೆ ಮೋಹರ, ಕೋರ್ವೆ, ಮೂರು ಸಲದ ಮುಕ್ತಾಯ ಅಂತ ಹುಡುಕಬೇಡಿ, ಸಿಗುವುದಿಲ್ಲ. ಲೆಕ್ಕದ ಚಮತ್ಕಾರಕ್ಕಿಂತ ಒಂದೇ ಮಾತನ್ನು ಹತ್ತು ದನಿಯಲ್ಲಿ ಆಡುವುದರ ಮೇಲೆ ಬ್ಲೇಕಿಗೆ ಪ್ರೀತಿ. ಲೆಕ್ಕದಲ್ಲಿ ನಮ್ಮವರ ಮುಂದೆ ಅವರು ನಿಲ್ಲುವುದಿಲ್ಲ, ಇದನ್ನು ಹೇಳಿದರೆ ಜಾಝ್ ಗೆಳೆಯರು ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಎರಡನ್ನೂ ಒಟ್ಟಿಗೆ ಕೇಳಬೇಕು ಅನ್ನಿಸಿದರೆ ಅಮೆರಿಕದ ಸ್ಯಾಕ್ಸೊಫೋನ್ ಕಲಾವಿದ ಚಾರ್ಲಿ ಮಾರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983ರಲ್ಲಿ ಮುದ್ರಿಸಿದ 'ಜ್ಯೋತಿ' ಇದೆ. ಆರ್.ಎ. ರಮಾಮಣಿಯವರ ಹಾಡು, ಟಿ.ಎ.ಎಸ್. ಮಣಿಯವರ ಮೃದಂಗ. ಅದು ಹಾರ್ಡ್ ಬಾಪ್ ಅಲ್ಲ, ಬೇರೆಯೇ ಜಾತಿ.

ಹಾರ್ಡ್ ಬಾಪ್‌ನಲ್ಲೇ ಮುಂದಿನದು ಬೇಕಾದರೆ ಹಾರೆಸ್ ಸಿಲ್ವರ್ ಅವರ ಐವರ ತಂಡ 1968ರಲ್ಲಿ ಡೆನ್ಮಾರ್ಕ್ ಟಿವಿಗೆ ನುಡಿಸಿದ ಕಛೇರಿ ಹುಡುಕಲು ಮಗನಿಗೆ ಹೇಳಿ. ಅದರಲ್ಲಿ ಡ್ರಮ್ಸ್ ಬಿಲ್ಲಿ ಕೋಬಮ್, ಇನ್ನೂ 25 ಆಗಿಲ್ಲ, ಆದರೆ ಅಲ್ಲಿ ಯಜಮಾನ ಪಿಯಾನೊ. ಈ ಸಲ ಕಿವಿಯನ್ನು ಸಿಲ್ವರ್ ಅವರ ಎಡಗೈ ಮೇಲೆ ಇಡಿ. ಬ್ಲೇಕಿ ಕೋಲಿನಲ್ಲಿ ಮಾಡುವ ತಳ್ಳಾಟವನ್ನೇ ಅವರು ಪಿಯಾನೊದ ತಳದ ಸ್ವರಗಳಲ್ಲಿ ಕುಟ್ಟಿ ಮಾಡುತ್ತಾರೆ.